ಸೈಕಲ್ ಕಳವು ತಡೆಯುವಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಒಳಹಳ್ಳಿಗಳಿಂದ ಶಾಲೆಗೆ, ಕೂಲಿಗೆ, ಸಂತೆಗೆ ಹೊರಡುವವರಲ್ಲಿ ಅನೇಕರು ಮುಖ್ಯರಸ್ತೆಯ ಕ್ರಾಸ್‌ವರೆಗೆ ಸೈಕಲ್ಲಿನಲ್ಲಿ ಬಂದು, ಅದನ್ನು ಬೇವಿನ ಮರಕ್ಕೋ ಚಹಾದಂಗಡಿಯ ಗೋಡೆಗೋ ಆನಿಸಿ ಬಸ್ಸು ಹತ್ತುತ್ತಾರೆ. ಅವರು ಸಂಜೆ ಮರಳುವವರೆಗೆ ಅದಕ್ಕೆ ಕಾವಲಿಲ್ಲ. ಪಟ್ಟಣಗಳಲ್ಲಿ ಹಣ ಕೊಟ್ಟು ವಾಹನ ನಿಲ್ಲಿಸುವ ಜಾಗವಾದರೂ ದೊರೆಯುತ್ತದೆ. ಕ್ರಾಸ್‌ನಲ್ಲಿ ಅದೂ ಇಲ್ಲ.

ಸೈಕಲ್ಲಿನ ಬೆಲೆ ಅಲ್ಪವೆಂದು ಈ ವಿಷಯವನ್ನು ಬದಿಗಿಡುವಂತಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 51.83, ಮಹಿಳೆಯರಲ್ಲಿ ಶೇ. 41.38 ಮಾತ್ರ. ದೂರದ ಪ್ರೌಢಶಾಲೆಗೆ ಮಕ್ಕಳು ಹೋಗಿಬರಲೆಂದೇ ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿತು. ಮನೆಯ ಒಂದೇ ಸೈಕಲ್ಲು ಕಳವಾದರೆ ತಂದೆಯ ಕೂಲಿ ಹೇಗೋ ಸಾಗೀತು, ಮಗಳ ಓದು ನಿಂತುಹೋಗುವ ಸಂಭವವೇ ಹೆಚ್ಚು.

ಇಲ್ಲಿ ಸದಸ್ಯರು ಕಾನೂನಿನ ಒಂದು ಸೂಕ್ಷ್ಮವನ್ನು ಅರಿತಿರಬೇಕು. 2024ರ ಜುಲೈ 1ರಿಂದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಅನ್ವಯಿಸುತ್ತದೆ. ಸ್ವತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಯ ಅಪರಾಧಿಯು ಅದನ್ನು ಹಿಂದಿರುಗಿಸಿದಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಇಂತಹ ಅಲ್ಪ ಮೌಲ್ಯದ ಕಳವನ್ನು ಅಸಂಜ್ಞೇಯವೆಂದು ವರ್ಗೀಕರಿಸಲಾಗಿದೆ. ಅಸಂಜ್ಞೇಯ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಹೊಸ ಸೈಕಲ್ಲಿನ ಖರೀದಿ ರಸೀದಿಯನ್ನು ಜೋಪಾನ ಮಾಡಬೇಕೆನ್ನುವುದು ಈ ಕಾರಣಕ್ಕೆ: ಮೌಲ್ಯಕ್ಕೂ ಒಡೆತನಕ್ಕೂ ಅದೇ ಸಾಕ್ಷಿ. ದೂರು ಕೊಡುವಾಗ 'ಕಳೆದುಹೋಗಿದೆ' ಎಂದು ಬರೆಯದೆ 'ಕಳವಾಗಿದೆ' ಎಂದೇ ಬರೆಯತಕ್ಕದ್ದು.

ಶಾಲೆಯಲ್ಲಿ ಒಂದೇ ವರ್ಷ ವಿತರಿಸಿದ ಸೈಕಲ್ಲುಗಳು ಬಣ್ಣ, ಆಕಾರಗಳಲ್ಲಿ ಒಂದನ್ನೊಂದು ಹೋಲುತ್ತವೆ. ಅವಕ್ಕೆ ಮನೆಯವರ ಬಳಿ ರಸೀದಿಯೂ ಇರುವುದಿಲ್ಲ. ಸಿಕ್ಕ ಸೈಕಲ್ಲು ತನ್ನದೇ ಎಂದು ಬಾಲಕಿ ತೋರಿಸುವುದು ಹೇಗೆ? ಸಾಮಾನ್ಯವಾಗಿ ಪೆಡಲ್ ಇರುಸಿನ ಅಡಿಯಲ್ಲಿ ಅಥವಾ ಸೀಟಿನ ಕೆಳಗಿನ ಕೊಳವೆಯ ಮೇಲೆ ಫ್ರೇಮ್ ಸಂಖ್ಯೆಯನ್ನು ಒತ್ತಿರುತ್ತಾರೆ. ಕೆಸರು, ಬಣ್ಣದಿಂದ ಮುಚ್ಚಿದ್ದರೆ ಒರೆಸಿ ನೋಡಬೇಕು. ಆ ಸಂಖ್ಯೆ, ಒಡೆಯರ ಹೆಸರು, ಒಂದು ಛಾಯಾಚಿತ್ರ ಇಷ್ಟನ್ನು ಪಂಚಾಯಿತಿಯು ವಾರ್ಡುವಾರು ವಹಿಯಲ್ಲಿ ದಾಖಲಿಸಬಹುದು. ಜಪಾನಿನಲ್ಲಿ 1994ರಿಂದ ಸೈಕಲ್ ನೋಂದಣಿ ಕಡ್ಡಾಯವಾಗಿದೆ. ನಮ್ಮಲ್ಲಿಯೂ ಹಿಂದೆ ಹಲವು ಪುರಸಭೆಗಳು ಸುಂಕ ಪಡೆದು ಸೈಕಲ್ಲಿಗೆ ಲೋಹದ ಬಿಲ್ಲೆ ಕೊಡುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಸುಂಕ ಯಾರಿಗೂ ಪ್ರಿಯವಾಗಿರಲಿಲ್ಲ, ಬಿಲ್ಲೆಯಿಂದ ಗುರುತಂತೂ ಸಿಗುತ್ತಿತ್ತು. ಈಗಿನ ವಹಿಗೆ ಯಾವ ಶುಲ್ಕವನ್ನೂ ವಿಧಿಸದಿರುವುದೇ ಒಳ್ಳೆಯದು.

ಇನ್ನು ಬೀಗದ ಮಾತು. ಹಿಂದಿನ ಚಕ್ರಕ್ಕೆ ಅಳವಡಿಸಿದ ಬೀಗ ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು, ಸೈಕಲ್ಲನ್ನು ಎತ್ತಿ ಟಂಟಂನಲ್ಲಿ ಹಾಕಿಕೊಂಡು ಹೋಗುವುದನ್ನು ತಡೆಯದು. ಆದ್ದರಿಂದ ಸರಪಳಿಯನ್ನು ಫ್ರೇಮ್ ಮತ್ತು ಚಕ್ರದ ಮೂಲಕ ಹಾಯಿಸಿ ನೆಲಕ್ಕೆ ನೆಟ್ಟ ಕಂಬಿಗೆ ಕಟ್ಟಬೇಕು. ಕ್ರಾಸ್‌ನಲ್ಲಿ ಅಂಗಡಿಯವರ ಕಣ್ಣಿಗೆ ಬೀಳುವಂತೆ, ಬಾಗಿಸಿದ ಕಬ್ಬಿಣದ ಕೊಳವೆಗಳನ್ನು ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರಕ್ಕೆ, ಮೀಟರಿಗೊಂದರಂತೆ ಕಾಂಕ್ರೀಟಿನಲ್ಲಿ ಹೂಳಿದರೆ ಒಂದೊಂದಕ್ಕೆ ಎರಡು ಸೈಕಲ್ಲು ನಿಲ್ಲುತ್ತವೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುವುದರಿಂದ ಬುನಾದಿಯನ್ನು ಆಳವಾಗಿಯೇ ಹಾಕಿಸಬೇಕು. ಮುಂದಿನ ಚಕ್ರವನ್ನಷ್ಟೇ ತೂರಿಸುವ ಕಂಬಿಸಾಲು ಬೇಡ. ಚಕ್ರ ಬಿಚ್ಚಿಟ್ಟು ಉಳಿದುದನ್ನು ಒಯ್ಯುವುದು ಸುಲಭ. ಕ್ಯಾಮೆರಾ ಅಳವಡಿಸುವ ಪ್ರಸ್ತಾವ ಬಂದಲ್ಲಿ, ಮೊದಲು ಕಂಬಿ, ಆಮೇಲೆ ಕ್ಯಾಮೆರಾ ಎಂಬ ಕ್ರಮ ಸೂಕ್ತ. ರಸ್ತೆಯಂಚಿನ ಜಾಗಕ್ಕೆ ಸಂಬಂಧಿಸಿದ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ಕದ್ದ ಸೈಕಲ್ಲಿಗೆ ಕೊಳ್ಳುವವರಿಲ್ಲದಿದ್ದರೆ ಕಳವು ತಾನಾಗಿ ಕುಗ್ಗುತ್ತದೆ. ಕಳವಿನದೆಂದು ತಿಳಿದೂ ಕೊಳ್ಳುವುದು 317ನೇ ಕಲಮಿನಡಿ ಅಪರಾಧವೆಂದು ಗುಜರಿ ಅಂಗಡಿಯವರಿಗೂ ಸೈಕಲ್ ರಿಪೇರಿ ಮಾಡುವವರಿಗೂ ತಿಳಿಸಿ, ಮಾರಲು ಬಂದವರ ಹೆಸರು, ಫ್ರೇಮ್ ಸಂಖ್ಯೆ ಬರೆದಿಡುವಂತೆ ಕೇಳಿಕೊಳ್ಳಬೇಕು.

ಕಳವಾದ ಕೂಡಲೇ ಊರ ಹೊರಗೆ ಬೀಡುಬಿಟ್ಟ ಅಲೆಮಾರಿಗಳ ಗುಡಾರದತ್ತ ಬೊಟ್ಟು ಮಾಡುವ ರೂಢಿ ಕೆಲವೆಡೆ ಇದೆ. ಜನಾಂಗವನ್ನೇ ಕಳ್ಳರೆಂದು ಹೆಸರಿಸುತ್ತಿದ್ದ ಬ್ರಿಟಿಷರ ಕಾಲದ ಕಾಯ್ದೆ 1952ರಲ್ಲಿಯೇ ರದ್ದಾಗಿದೆ. ಶಂಕಿತರ ಹೆಸರನ್ನು ಗ್ರಾಮಸಭೆಯಲ್ಲಿ ಓದುವುದಾಗಲಿ, ಹುಡುಗನೊಬ್ಬನನ್ನು ಹಿಡಿದು ಕಟ್ಟಿಹಾಕುವುದಾಗಲಿ ಕೂಡದು. 112ಕ್ಕೆ ಕರೆ ಮಾಡಿ ಪೊಲೀಸರಿಗೆ ಒಪ್ಪಿಸತಕ್ಕದ್ದು. ಗ್ರಾಮಸಭೆಯಲ್ಲಿ ಓದಬೇಕಾದುದು ಕಳವಾದ ಸೈಕಲ್ಲಿನ ಸಂಖ್ಯೆಯನ್ನು. ವಹಿಯ ಪ್ರತಿಯೊಂದನ್ನು ಗಸ್ತು ಪೊಲೀಸರಿಗೆ ಕೊಟ್ಟು, ಸೈಕಲ್ಲು ಮಾರಾಟವಾದಾಗ ಹೊಸ ಒಡೆಯರ ಹೆಸರನ್ನು ಅದೇ ವಾರದಲ್ಲಿ ತಿದ್ದುವ ಹೊಣೆಯನ್ನು ಸಿಬ್ಬಂದಿಯೊಬ್ಬರಿಗೆ ಹೆಸರಿಸಿ ವಹಿಸಬೇಕು.