ದಿಮ್ಮಿ ಎತ್ತುವಾಗ ಲೋಡರು ಮುರಿಯುವುದೇಕೆ?

ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಶಿಗ್ಗಾಂವ, ಹಾನಗಲ್ಲ ಕಡೆ ಬದುವಿನ ಹಳೆಯ ಮಾವಿನ ಮರಗಳು ಉರುಳುವುದು ಹೊಸದೇನಲ್ಲ. ಅಡಿಕೆ ಸಾಲಿನ ಮೇಲೆ ಬಿದ್ದ ಮರವನ್ನು ಬೇಗ ತೆರವು ಮಾಡದೆ ಗತಿಯಿಲ್ಲ. ಹಿಂದೆ ಆಳುಗಳೂ ಎತ್ತುಗಳೂ ಮಾಡುತ್ತಿದ್ದ ಈ ಕೆಲಸಕ್ಕೆ ಈಗ ನಮ್ಮಲ್ಲಿ ಹಲವರು ಟ್ರಾಕ್ಟರಿನ ಮುಂದೆ ಕೂಡಿಸಿದ ಲೋಡರನ್ನು ಬಳಸುತ್ತೇವೆ. ಆದರೆ ಅದರ ಬಕೆಟ್ಟು ಮಣ್ಣು, ಗೊಬ್ಬರ ತುಂಬಲು ಮಾಡಿದ್ದೆಂಬುದನ್ನು ಮರೆಯುತ್ತೇವೆ.

ನಾವೂ ಮರೆತೆವು. ನಮ್ಮ ತೋಟದಲ್ಲಿ ಬಿದ್ದ ಮಾವಿನ ದಿಮ್ಮಿಯ ಅಡಿಗೆ ಬಕೆಟ್ಟಿನ ಒಂದು ಮೂಲೆಯನ್ನು ತೂರಿಸಿ ಎತ್ತಿಸಿದಾಗ, ಪಿನ್ನು ಹಾಯುವ ಎಡಗಡೆಯ ಕಬ್ಬಿಣದ ಕಿವಿ ಕಿತ್ತುಹೋಗಿ ದಿಮ್ಮಿ ಹೊರಳಿತು. ಪಕ್ಕದಲ್ಲಿ ಹಾರೆ ಹಿಡಿದು ನಿಂತಿದ್ದ ಹುಡುಗ ಹಿಂದಕ್ಕೆ ಜಿಗಿದದ್ದರಿಂದ ಅವನ ಕಾಲು ಉಳಿಯಿತು. ತಪ್ಪು ಯಂತ್ರದ್ದಲ್ಲ, ಅಪ್ಪಣೆ ಕೊಟ್ಟ ನಮ್ಮದು.

ಮೊದಲು ತೂಕದ ಲೆಕ್ಕ. 2 ಅಡಿ ಅಡ್ಡಳತೆಯ, 10 ಅಡಿ ಉದ್ದದ ದಿಮ್ಮಿ ಸುಮಾರು 31 ಘನ ಅಡಿ. ಹಸಿ ಮಾವನ್ನು ಘನ ಅಡಿಗೆ 25 ಕಿಲೋ ಎಂದು ಹಿಡಿದರೂ ಎಂಟು ಕ್ವಿಂಟಲಿಗೆ ಹತ್ತಿರವಾಯಿತು. ಅಡ್ಡಳತೆ 3 ಅಡಿಯಾದರೆ ತೂಕ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು, ಎಂದರೆ ಹದಿನೇಳು ಕ್ವಿಂಟಲಿಗೂ ಮೇಲೆ. ಕಣ್ಣಳತೆ ಮೋಸಮಾಡುವುದು ಇಲ್ಲಿಯೇ. ಲೋಡರಿನ ಪುಸ್ತಕದಲ್ಲಿ ಕೊಟ್ಟಿರುವ ಎತ್ತುವ ಶಕ್ತಿ ಸಾಮಾನ್ಯವಾಗಿ ಬಕೆಟ್ಟಿನ ಪಿನ್ನಿನ ಬಳಿಯದು. ಭಾರವು ಬಕೆಟ್ಟಿನ ತುದಿಗೆ ಸರಿದಷ್ಟೂ ಆ ಶಕ್ತಿ ಕುಗ್ಗುತ್ತದೆ.

ತೂಕ ಮಿತಿಯೊಳಗಿದ್ದರೂ ಮುರಿಯುವುದುಂಟು. ಒಂದೇ ಮೂಲೆಯಿಂದ ಮೀಟಿದಾಗ ಎರಡು ತೋಳು ಹಂಚಿಕೊಳ್ಳಬೇಕಾದ ಭಾರ ಒಂದೇ ತೋಳಿನ ಮೇಲೆ ಬೀಳುತ್ತದೆ, ಜೊತೆಗೆ ಚೌಕಟ್ಟೂ ತಿರುಚಿಕೊಳ್ಳುತ್ತದೆ. ಓಡಿಸಿಕೊಂಡು ಬಂದು ಗುದ್ದುವುದು ಇನ್ನೂ ಕೆಟ್ಟದ್ದು. ವೇಗ ಇಮ್ಮಡಿಸಿದರೆ ಪೆಟ್ಟಿನ ಶಕ್ತಿ ನಾಲ್ಮಡಿಸುತ್ತದೆ. ಗ್ರೀಸಿಲ್ಲದೆ ಸವೆದ ಬುಶ್ಶಿನಲ್ಲಿ ಪಿನ್ನು ಅಲುಗಾಡುತ್ತಿದ್ದರೆ ಪ್ರತಿ ಎತ್ತುವಿಕೆಯೂ ಸಣ್ಣ ಸುತ್ತಿಗೆ ಏಟೇ ಸರಿ.

ಪಿನ್ನು ಮುರಿದಾಗ ಕೈಗೆ ಸಿಕ್ಕ ಸಲಾಕೆಯನ್ನು ಕತ್ತರಿಸಿ ತೂರಿಸುವ ಚಾಳಿ ನಮ್ಮಲ್ಲಿದೆ. ಅದು ಬಾಗಿ, ಆಮೇಲೆ ಹೊರಗೆ ತೆಗೆಯಲು ಬಾರದೆ ಕಾಡುತ್ತದೆ. ಅತಿ ಗಟ್ಟಿ ಪಿನ್ನು ಹಾಕಿದರೂ ಕೇಡು ತಪ್ಪದು. ಆಗ ಪಿನ್ನು ಉಳಿದು ತೋಳೇ ಸೀಳುತ್ತದೆ, ಅಗ್ಗದ ಭಾಗದ ಬದಲು ದುಬಾರಿ ಭಾಗ ಹೋಗುತ್ತದೆ. ಕಂಪನಿ ಹೇಳಿದ ಅಳತೆ, ಹೇಳಿದ ಉಕ್ಕು, ಅಷ್ಟೇ. ಬಿರುಕಿನ ಮೇಲೆ ಬರಿದೆ ವೆಲ್ಡಿಂಗ್ ಎಳೆದರೆ ಒಳಗಿನ ಸೀಳು ಹಾಗೆಯೇ ಉಳಿಯುತ್ತದೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು, ಸೀಳನ್ನು ತಳದವರೆಗೆ ಉಜ್ಜಿ ತೆಗೆದು, ಬಳಿಕ ತುಂಬಿಸಬೇಕು. ಅದಕ್ಕೆ ಮೊದಲು ಬ್ಯಾಟರಿಯ ತಂತಿ ಕಳಚುವುದನ್ನು ಬಡಿಗ್ಯಾರ ಅಣ್ಣನಿಗೆ ನಾವೇ ನೆನಪಿಸಬೇಕಾದೀತು.

ದಪ್ಪ ದಿಮ್ಮಿಯನ್ನು ಎತ್ತುವುದಕ್ಕಿಂತ ಎಳೆಯುವುದು ಲೇಸು. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೇ ಕಟ್ಟಬೇಕು. ಮೇಲಿನ ಲಿಂಕಿಗೆ ಕಟ್ಟಿ ಎಳೆದರೆ ಟ್ರಾಕ್ಟರು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳಬಹುದು. ಎತ್ತಲೇಬೇಕಾದರೆ ದಿಮ್ಮಿಯನ್ನು ತುಂಡರಿಸಿ, ಬಕೆಟ್ಟಿನ ನಡುವೆ ಹಿಂದಕ್ಕೆ ಒತ್ತಿ ಇರಿಸಿ, ಟ್ರಾಕ್ಟರಿನ ಹಿಂಬದಿಗೆ ತಕ್ಕ ಭಾರ ಕಟ್ಟಿ, ನೆಲಕ್ಕೆ ಹತ್ತಿರದಲ್ಲಿಯೇ ಒಯ್ಯಬೇಕು. ಎತ್ತಿದ ತೋಳಿನ ಕೆಳಗಾಗಲಿ ದಿಮ್ಮಿಯ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ಘಟ್ಟದ ಮೇಲೆ ಸಿಲ್ವರ್ ಓಕ್ ಕಡಿಸುವ ಕಾಫಿ ಬೆಳೆಗಾರರಿಗೆ ಇಳಿಜಾರಿನ ಅಪಾಯವೂ ಸೇರಿಕೊಳ್ಳುವುದರಿಂದ ಅವರು ಅಡ್ಡಲಾಗಿ ಓಡಿಸದಿರುವುದು ಒಳಿತು.

ನಮ್ಮ ಆ ದಿಮ್ಮಿಯನ್ನು ಕೊನೆಗೆ ಮೂರು ತುಂಡು ಮಾಡಿಸಿ ಒಂದೊಂದಾಗಿ ಎಳೆಸಿದೆವು. ಸಂಜೆಯೊಳಗೆ ತೋಟ ತೆರವಾಯಿತು. ಕಿತ್ತುಹೋದ ಕಿವಿ ಇನ್ನೂ ನಮ್ಮ ಕೊಟ್ಟಿಗೆಯ ಗೂಟಕ್ಕೆ ತೂಗುತ್ತಿದೆ.