ಟ್ರಂಕಿನಲ್ಲಿ ಸಿಕ್ಕ ಇಂದ್ರಜಾಲ ಕಾಮಿಕ್ಸಿನ ಬೆಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳೆಯ ಮನೆಯ ಟ್ರಂಕಿನಲ್ಲಿ ಅಥವಾ ರದ್ದಿ ಅಂಗಡಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಸಿಕ್ಕರೆ ತೂಕಕ್ಕೆ ಹಾಕುವ ಮೊದಲು ಸಂಚಿಕೆಯ ಸಂಖ್ಯೆ ನೋಡಬೇಕು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲೆ 1990ರಲ್ಲಿ ನಿಂತಿತು. ಕನ್ನಡ ಆವೃತ್ತಿಯೂ ಇತ್ತು. ಮೊದಲ 32 ಸಂಚಿಕೆಗಳು ಫ್ಯಾಂಟಮ್ ಎಂಬ ನಾಯಕನ ಕಥೆಗಳು. ಆಮೇಲೆ ಮ್ಯಾಂಡ್ರೇಕ್, 1976ರಲ್ಲಿ ಆಬಿದ್ ಸುರ್ತಿಯವರು ಸೃಷ್ಟಿಸಿದ ಬಹಾದ್ದೂರ್ ಬಂದರು. ಸಂಗ್ರಾಹಕರು ಹೆಚ್ಚು ಹುಡುಕುವುದು ಆರಂಭದ ಸಂಚಿಕೆಗಳನ್ನೇ.

ಹಳೆಯದೆಲ್ಲ ಬಂಗಾರವಲ್ಲ. ಬೆಲೆ ನಿಲ್ಲುವುದು ಸ್ಥಿತಿಯ ಮೇಲೆ: ರಕ್ಷಾಪುಟ ಮೂಲದ್ದೇ, ಹಾಳೆಗಳೆಲ್ಲ ಇವೆಯೇ, ಪಿನ್ನು ತುಕ್ಕು ಹಿಡಿದಿದೆಯೇ, ಪದಬಂಧ ತುಂಬಲಾಗಿದೆಯೇ, ವಾಚನಾಲಯದ ಮುದ್ರೆ ಬಿದ್ದಿದೆಯೇ. ಅಂಚು ಕತ್ತರಿಸಿ ಹೊಲಿದ ಬೈಂಡು ಓದಲು ಚೆಂದ, ಮಾರಲು ಅಲ್ಲ; ಆದರೂ ಅದನ್ನು ಬಿಚ್ಚಿದರೆ ಹಾನಿ ಹೆಚ್ಚುತ್ತದೆ. ಮಾರುವವರು ಕೇಳುವ ದರ ಬೇರೆ, ನಿಜವಾಗಿ ಕೈಬದಲಾದ ದರ ಬೇರೆ. ಲೆಕ್ಕಕ್ಕೆ ಎರಡನೆಯದೇ ಆಧಾರ.

ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಬೆಲೆ ಕೆಡಿಸುವ ಕೆಲಸ. ವಿಜಯಪುರ ಸೀಮೆಯ ಬೇಸಿಗೆಯಲ್ಲಿ ಕಾದ ತಗಡಿನ ಅಟ್ಟ ಕಾಗದವನ್ನು ಹಪ್ಪಳದಂತೆ ಮಾಡುತ್ತದೆ. ಬಿಸಿಲು ತಾಗದ ಒಳಕೋಣೆಯಲ್ಲಿ, ಗೋಡೆಗೆ ತಾಗದ ಕಪಾಟಿನಲ್ಲಿ ಇಡಬೇಕು. ಗೆದ್ದಲು, ಬೆಳ್ಳಿಹುಳು ಬಂದಿವೆಯೇ ಎಂದು ಆಗಾಗ ನೋಡಬೇಕು.