ಫೋನಿಗೆ ನಿಮ್ಮನೆ ಸುಣ್ಣ ಕಾಣದು

ತಮ್ಮಾ, ತಂಗೀ,

ಯಾಣದ ಸುತ್ತಲ ಈ ಕಾಡೂರುಗಳಲ್ಲಿ ಬೆಳೆದ ನಿಮಗೆ ಇಂಟರ್ನೆಟ್ಟಿನ ಬೆಲೆ ನಾನು ಹೇಳಿಕೊಡಬೇಕಿಲ್ಲ. 2020ರಲ್ಲಿ ಶಾಲೆ ಬಾಗಿಲು ಮುಚ್ಚಿದಾಗ ನಮ್ಮ ಜಿಲ್ಲೆಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆಯಡಿ ಕೂತು ಪಾಠ ಕೇಳಿದರು. ಅಷ್ಟು ಕಷ್ಟದಿಂದ ಕೈಗೆ ಬಂದದ್ದನ್ನು ಬಿಟ್ಟುಬಿಡಿ ಎನ್ನುವ ಮುದುಕ ನಾನಲ್ಲ. ಅಡಿಕೆ ದರದಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಅಲ್ಲೇ ಬರುವಾಗ ಹಾಗೆ ಹೇಳಿದರೆ ಕೇಳುವವರು ಯಾರು? ಅದರಿಂದ ಕಲಿಯುವುದು ಹೇಗೆ ಎಂಬುದರ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ.

ತೋಟದಿಂದಲೇ ಶುರುಮಾಡೋಣ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕು. ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ಯೂಟ್ಯೂಬಿನಲ್ಲಿ ಹುಡುಕಿದರೆ ಚೊಕ್ಕವಾಗಿ ಹೇಳುತ್ತಾರೆ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಲೆಕ್ಕ ಸರಿಯೇ. ಆದರೆ ನಿಮ್ಮ ಮನೆಗೆ ಬಂದ ಸುಣ್ಣ ಗಾಳಿ ಹೊಡೆದು ಸತ್ವ ಕಳೆದುಕೊಂಡಿದ್ದರೆ? ವಿಡಿಯೊ ಮಾಡಿದವರಿಗೆ ಅದು ಕಾಣುವುದಿಲ್ಲ. ಅದಕ್ಕೇ ಹಳಬರು ಮಸೆದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತೋ, ತುತ್ತ ಹೆಚ್ಚಾಗಿದೆ ಎಂದರ್ಥ. ಹಾಗೇ ಹೊಡೆದರೆ ಗಿಡವೇ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಬೀಳಬೇಕು. ಅಲಗು ಬೆಳ್ಳಗೇ ಉಳಿದರೆ ಕೊನೆಗೌಡನಿಗೆ ಮರ ಹತ್ತಲು ಹೇಳಬಹುದು.

ಈ ಕತ್ತಿ ಅದ್ದುವ ಉಪಾಯವೂ ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ, ನನಗೆ ಗೊತ್ತು. ಅದ್ದಬೇಕಾದವರು ಮಾತ್ರ ನೀವು. ಫೋನಿನಲ್ಲಿರುವುದು ಎಲ್ಲರಿಗೂ ಸೇರಿ ಹೇಳಿದ ಮಾತು; ಅದನ್ನು ನಿಮ್ಮ ಮನೆಯ ಸುಣ್ಣಕ್ಕೆ, ನಿಮ್ಮ ಊರಿನ ಮಳೆಗೆ ಹೊಂದಿಸಿಕೊಳ್ಳುವುದೇ ಕಲಿಕೆ. ಕೈಯಲ್ಲಿ ಮಾಡಿ ನೋಡುವವರೆಗೆ ಯಾವುದನ್ನೂ ಕಲಿತೆ ಎನ್ನಬೇಡಿ.

ಮಾಡುವಾಗ ಬಲ್ಲವರೊಬ್ಬರು ನೋಡುತ್ತಿರಲಿ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರೂ ಅವರ ಭಸ್ಮಾಸುರ, ಕೀಚಕರನ್ನು ನೀವು ಬೇಕೆಂದಾಗ ಫೋನಿನಲ್ಲಿ ನೋಡಬಹುದು. ನಮ್ಮ ಕಾಲದಲ್ಲಿ ಅದಕ್ಕೆ ಸೂಡಿ ಹಿಡಿದು ನಡೆದು, ರಾತ್ರಿಯಿಡೀ ನಿದ್ದೆಗೆಡಬೇಕಿತ್ತು. ನಿಮ್ಮದು ಭಾಗ್ಯ. ಆದರೆ ಹೊನ್ನಾವರದ ಗುಣವಂತೆಯಲ್ಲಿ, 1934ರಲ್ಲಿ ಮೇಳ ಕಟ್ಟಿದ ಕೆರೆಮನೆಯವರ ಕಲಾಕೇಂದ್ರಕ್ಕೆ ಇವತ್ತೂ ಮಕ್ಕಳು ಹೋಗಿ ಕಲಿಯುತ್ತಾರಲ್ಲ, ಯಾಕೆ? ಹೆಜ್ಜೆ ತಪ್ಪಿದರೆ ಗುರು ತಾಳ ನಿಲ್ಲಿಸುತ್ತಾರೆ. ವಿಡಿಯೊ ತನ್ನ ಪಾಡಿಗೆ ಓಡುತ್ತದೆ. ಯಾಣದ ಸ್ಥಳಪುರಾಣ ನಿಮಗೆ ಗೊತ್ತಿದ್ದದ್ದೇ: ಮೋಹಿನಿ ಮಾಡಿದಂತೆಲ್ಲ ಮಾಡುತ್ತ ಹೋದ ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೇ ಕೈ ಇಟ್ಟು ಬೂದಿಯಾದ. ನೋಡಿದ್ದನ್ನು ಹಾಗೆಹಾಗೇ ಮಾಡುವುದು ಅಷ್ಟು ಅಪಾಯದ್ದು.

ಇನ್ನು ಮಾತಿನ ವಿಷಯ. 2013ರ ಜುಲೈಯಲ್ಲಿ ನಿಂತುಹೋದ ತಂತಿ ಸಂದೇಶದಲ್ಲಿ ಪದ ಹೆಚ್ಚಿದರೆ ದುಡ್ಡೂ ಹೆಚ್ಚುತ್ತಿತ್ತು. ಹಾಗಾಗಿ ಬರೆಯುವವನು ಒಂದೊಂದು ಪದಕ್ಕೂ ಯೋಚನೆ ಮಾಡುತ್ತಿದ್ದ. ಈಗ ಕಳಿಸಲು ಖರ್ಚಿಲ್ಲ, ಯೋಚನೆಯೂ ಇಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಒಂದು ಸಾವಿನ ಸುತ್ತ ಸುದ್ದಿ, ವದಂತಿ ಎಲ್ಲ ಮೊಬೈಲಿನಿಂದ ಮೊಬೈಲಿಗೆ ಹಾರಿ, ಕುಮಟಾ, ಶಿರಸಿಗಳಲ್ಲಿ ಗಲಭೆಯಾಯಿತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ವದಂತಿ ಹಬ್ಬಲು ಅಷ್ಟು ವರ್ಷ ಬೇಕಾಗಿರಲಿಲ್ಲ. 2018ರಲ್ಲಿ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಮ್ಮೆಗೆ 5 ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಹಾಕಿದರು. ಆ ಐದಕ್ಕೂ ಕಳಿಸುವ ಬೆರಳು ನಿಮ್ಮದೇ ತಾನೆ? ಯಾರು ಹೇಳಿದ್ದು, ಕಣ್ಣಾರೆ ಕಂಡವರು ಯಾರು ಎಂದು ಕೇಳದೆ ಯಾವುದನ್ನೂ ದಾಟಿಸಬೇಡಿ.

ಮನೆಯ ಹಿರಿಯರನ್ನೂ ಕಾಯಿರಿ. ಒಟಿಪಿ ಕೇಳುವವರಿಗೆ, ಪೊಲೀಸರೆಂದು ವಿಡಿಯೊ ಕಾಲಿನಲ್ಲಿ ಹೆದರಿಸುವವರಿಗೆ ನಮ್ಮ ವಯಸ್ಸಿನವರೇ ಸುಲಭದಲ್ಲಿ ಸಿಗುವವರು. ದುಡ್ಡು ಹೋದರೆ ಬೈಯುತ್ತ ಕೂರದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ; ತಡಮಾಡಿದಷ್ಟೂ ದುಡ್ಡು ಕೈತಪ್ಪುತ್ತದೆ.

ಕೊನೆಯದು ಒಂದು ಕೆಲಸ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಯಾವ ಮರದ ಬೀಜ ಯಾವಾಗ ಆರಿಸಬೇಕು, ಸಸಿ ಹೇಗೆ ಏಳಿಸಬೇಕು ಎಂಬುದು ಅವರಿಗೆ ಬಾಯಿಪಾಠ. 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಜೊತೆಯಲ್ಲಿ ಓಡಾಡಿದವರು ಕೇಳಿ ಕಲಿತಷ್ಟು ಉಳಿಯಿತು. ಅಂಥ ತಿಳಿವಳಿಕೆ ನಿಮ್ಮ ಅಜ್ಜಿಯ ಹತ್ತಿರವೂ ಇದೆ: ತಂಬುಳಿಗೆ ಯಾವ ಸೊಪ್ಪು, ಅಪ್ಪೆಮಿಡಿ ಯಾವ ಹದದಲ್ಲಿ ಕೊಯ್ಯಬೇಕು, ಯಾವ ಬೇರು ಯಾವ ನೋವಿಗೆ. ಅದರಲ್ಲಿ ಎಷ್ಟೋ ಇನ್ನೂ ಇಂಟರ್ನೆಟ್ಟಿಗೆ ಬಂದಿಲ್ಲ. ಈ ರಜೆಯಲ್ಲಿ ಅಜ್ಜಿಯ ಹಿಂದೆ ಹಿತ್ತಲಿಗೆ ಹೋಗಿ, ಗಿಡದ ಫೋಟೊ ತೆಗೆಯಿರಿ, ಅವಳ ಮಾತನ್ನು ಅವಳದೇ ದನಿಯಲ್ಲಿ ಹಿಡಿಯಿರಿ, ಊರಿನ ಹೆಸರು ಸೇರಿಸಿ ಕನ್ನಡದಲ್ಲೇ ಬರೆದಿಡಿ. ಇಷ್ಟು ದಿನ ಫೋನಿನಿಂದ ತೆಗೆದುಕೊಂಡಿದ್ದೀರಿ, ಇನ್ನು ಅದಕ್ಕೆ ನಮ್ಮ ಕಡೆಯದನ್ನೂ ಕೊಡಿ. ಚಾರ್ಜು ಮಾತ್ರ ತುಂಬಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕರೆಂಟು ಯಾವಾಗ ಬರುತ್ತದೋ ಯಾಣದ ಭೈರವೇಶ್ವರನಿಗೇ ಗೊತ್ತು.